ಪಿಂಚಣಿಗೆ ಹಿಡಿದ ಗ್ರಹಣ

ನಮ್ಮ ಹುಮನಾಬಾದಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅಪರಿಚಿತರಿಬ್ಬರು ಕೂತರೆನ್ನಿ. ಮೊದಲು ಊರು ಕೇಳುತ್ತಾರೆ, ಆಮೇಲೆ ಕೆಲಸ ಕೇಳುತ್ತಾರೆ. ಇಬ್ಬರೂ ಸರ್ಕಾರಿ ನೌಕರರೆಂದು ತಿಳಿದ ಮೇಲೆ, ಹಿಂದೆ ಜಾತಿಯ ಸುತ್ತ ಸುಳಿಯುತ್ತಿದ್ದ ಮೂರನೆಯ ಪ್ರಶ್ನೆ ಈಗ ಬೇರೆಯೇ ರೂಪ ತಾಳಿದೆ: "ನಿಮ್ದು ಹಳೇದೋ, ಹೊಸಾದೋ?" ಕೇಳುವುದು ಪಿಂಚಣಿಯ ಬಗ್ಗೆ. ಹಳೆಯದೆಂದವರ ಬೆನ್ನು ನೆಟ್ಟಗಾಗುತ್ತದೆ, ಹೊಸದೆಂದವರ ಭುಜ ಇಳಿಯುತ್ತದೆ. ಲೋಕದಲ್ಲಿ ಮಿಕ್ಕೆಲ್ಲ ವಸ್ತುಗಳಿಗೂ ಹೊಸದೇ ಶ್ರೇಷ್ಠವಾಗಿರುವಾಗ, ಉಪ್ಪಿನಕಾಯಿಯನ್ನೂ ಪಿಂಚಣಿಯನ್ನೂ ಮಾತ್ರ ಹಳತಾದಷ್ಟೂ ರುಚಿಯೆಂದು ನಾವು ತೀರ್ಮಾನಿಸಿದ್ದೇವೆ.

ನಾನು ಹದಿನೆಂಟು ವರ್ಷ ಭುಜ ಇಳಿಸಿಕೊಂಡು ತಿರುಗಿದವಳು. ಅದಕ್ಕೆ ಕಾರಣ ಸರ್ಕಾರವಲ್ಲ, ಸೂರ್ಯಚಂದ್ರರು. ಹೇಳಿದರೆ ನೀವು ನಗುತ್ತೀರಿ. ನಗಬಹುದು, ಆದೇಶ ಕೈಸೇರಿದ ಮೇಲೆ ನಾನೂ ನಕ್ಕಿದ್ದೇನೆ.

ಮೆಹರುನ್ನಿಸಾ ಮತ್ತು ನಾನು ಬಸವಕಲ್ಯಾಣದಲ್ಲಿ ಒಂದೇ ಬೆಂಚಿನಲ್ಲಿ ಕೂತು ಬಿ.ಎಡ್. ಮುಗಿಸಿದವರು. ಒಂದೇ ನೇಮಕಾತಿಗೆ ಅರ್ಜಿ ಹಾಕಿ, ಒಂದೇ ಪಟ್ಟಿಯಲ್ಲಿ ಒಬ್ಬರ ಕೆಳಗೊಬ್ಬರು ಆಯ್ಕೆಯಾಗಿ, ಮಾರ್ಚ್ ತಿಂಗಳ ಕೊನೆಯ ಒಂದು ಮಂಗಳವಾರ ಬೀದರಿನಲ್ಲಿ ಒಂದೇ ಆದೇಶದ ಎರಡು ಪ್ರತಿಗಳನ್ನು ಪಡೆದೆವು. ಅವಳಿಗೆ ಕಲ್ಯಾಣದ ಸಮೀಪದ ಪ್ರೌಢಶಾಲೆ, ನನಗೆ ಘಾಟಬೋರಾಳ. ನಮ್ಮೂರು ಮುಡಬಿಯ ಮನೆಗೆ ಬಂದು ಅಪ್ಪನ ಕೈಗೆ ಕಾಗದ ಕೊಟ್ಟೆ. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು, ಗೂಟಕ್ಕೆ ನೇತುಹಾಕಿದ್ದ ಪಂಚಾಂಗ ತೆಗೆದರು.

"ನಾಳಿಗಿ ಅಮಾಸಿ. ಬರೇ ಅಮಾಸಿ ಇದ್ರ ನಡೀತಿತ್ತು, ಗ್ರಹಣ ಬ್ಯಾರೆ ಐತಿ. ನಾಡದ ಯುಗಾದಿ, ಸೂಟಿ. ಅದರ ಮರುದಿನ ಕರಿ, ಹೊಸ ಕೆಲ್ಸ ಮಾಡಂಗಿಲ್ಲ. ಶನಿವಾರ ಬ್ಯಾಡ. ಐತವಾರ ಸಾಲಿ ಇರಂಗಿಲ್ಲ. ಸೋಮವಾರ ಹೋಗು, ಮಲ್ಲಯ್ಯನ ದಿನ."

ನಾನು ಸೋಮವಾರ ಹೋದೆ. ಮೆಹರು ಗ್ರಹಣದ ದಿನವೇ ಹೋಗಿ ಸಹಿ ಹಾಕಿದ್ದಳು. ದರ್ಜಿಯಾಗಿದ್ದ ಅವಳ ಅಬ್ಬಾ, "ಸೂರ್ಯಂದು ಸೂರ್ಯ ನೋಡ್ಕೋತಾನ, ನಿಂದು ನೀ ನೋಡ್ಕೋ" ಎಂದು ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿದ್ದರಂತೆ. ನಡುವೆ ಬಂದ ಆ ಶನಿವಾರ, ಅಂದರೆ ಏಪ್ರಿಲ್ ಒಂದರಂದು, ನಮ್ಮ ರಾಜ್ಯದಲ್ಲಿ ಹಳೆಯ ಪಿಂಚಣಿಯ ಬಾಗಿಲು ಮುಚ್ಚಿತು. ಆಚೆ ಉಳಿದವರಿಗೆ ಹೊಸ ಯೋಜನೆ: ಪ್ರತಿ ತಿಂಗಳು ನಮ್ಮ ಸಂಬಳದ ಒಂದು ಪಾಲು ಕಡಿತ, ಸರ್ಕಾರದ್ದೊಂದು ಪಾಲು, ಎರಡೂ ಕೂಡಿ ಷೇರುಪೇಟೆ ಮುಂತಾದ ಕಡೆ ತಿರುಗಾಡಿ ನಾವು ಮುದುಕರಾಗುವ ಹೊತ್ತಿಗೆ ಎಷ್ಟಾಗಿರುತ್ತವೋ ಅಷ್ಟು. ಹಳೆಯದರಲ್ಲಿ ಕೊನೆಯ ಸಂಬಳದ ಅರ್ಧ, ಏರುವ ತುಟ್ಟಿಭತ್ಯೆ, ಉಸಿರಿರುವವರೆಗೆ. ಪಂಚಾಂಗ ನೋಡಿ ಪಿಂಚಣಿ ಕಳೆದುಕೊಂಡ ಏಕೈಕ ಕನ್ನಡ ಶಿಕ್ಷಕಿ ನಾನೇ ಇರಬೇಕು. ನನ್ನ ಗಂಡ ಹುಮನಾಬಾದಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವವರು. ಅವರಿಗಿರುವ ಪಿಂಚಣಿಯೆಂದರೆ ನಾನೊಬ್ಬಳೇ. ಹಾಗಾಗಿ ನಷ್ಟವಾದದ್ದು ಇಬ್ಬರಿಗೆ.

ನಾವಿರುವುದು ಮೂರು ರಾಜ್ಯಗಳು ಮೊಣಕೈ ತಾಗಿಸಿಕೊಂಡು ಕೂತಿರುವ ಸೀಮೆ. ನನ್ನ ಅಕ್ಕನನ್ನು ಮಹಾರಾಷ್ಟ್ರದ ಉಮರ್ಗಾಕ್ಕೆ ಕೊಟ್ಟಿದೆ, ತಂಗಿಯನ್ನು ತೆಲಂಗಾಣದ ಜಹೀರಾಬಾದಿಗೆ. ಅಕ್ಕನ ಗಂಡ ದತ್ತು ಭಾವ ಅಲ್ಲಿ ಶಿಕ್ಷಕರು, ತಂಗಿಯ ಗಂಡ ಸಂಗಮೇಶ ಅಲ್ಲಿ ಕಂದಾಯ ಇಲಾಖೆಯ ನೌಕರ. ಎಳ್ಳಮವಾಸ್ಯೆಗೆ ಎಲ್ಲರೂ ಮುಡಬಿಯ ಹೊಲಕ್ಕೆ ಬಂದು, ಜೋಳದ ಬೆಳೆಯ ನಡುವೆ ಕಂಬಳಿ ಹಾಸಿ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ಕಡುಬು ಉಣ್ಣುವುದು ರೂಢಿ. ಆದರೆ ಈಚಿನ ವರ್ಷಗಳಲ್ಲಿ ಆ ಊಟ ಅಂತರರಾಜ್ಯ ಪಿಂಚಣಿ ಸಮ್ಮೇಳನವಾಗಿ ಮಾರ್ಪಟ್ಟಿತ್ತು. ಸಂಗಮೇಶ ತನ್ನ ರಾಜ್ಯದಲ್ಲಿ ಹೊಸ ಪಿಂಚಣಿಯ ಹೆಸರೇ ಬೇರೆ, ಸಿ.ಪಿ.ಎಸ್. ಎನ್ನುತ್ತಾರೆ ಎಂದು ಹೇಳಿ, ಹೆಸರು ಬೇರೆಯಾದದ್ದರಿಂದ ನೋವೂ ಸ್ವಲ್ಪ ಬೇರೆಯೆಂಬಂತೆ ನಿಟ್ಟುಸಿರಿಡುತ್ತಿದ್ದ. ಚುನಾವಣೆ ಬಂದಾಗಲೆಲ್ಲ ಅದು ರದ್ದಾಗುತ್ತದಂತೆ, ಚುನಾವಣೆ ಮುಗಿದ ಮೇಲೆ ಉಳಿದುಕೊಳ್ಳುತ್ತದಂತೆ. ದತ್ತು ಭಾವ ತಮ್ಮ ಸರ್ಕಾರ ಅರ್ಧ ಸಂಬಳದ ಖಾತ್ರಿಯಿರುವ ಇನ್ನೊಂದು ಆಯ್ಕೆಯನ್ನು ಮುಂದಿಟ್ಟಿದೆಯೆಂದು ಹೆಮ್ಮೆಯಿಂದ ಆರಂಭಿಸಿ, ಅದರ ಷರತ್ತುಗಳನ್ನು ವಿವರಿಸುತ್ತ ವಿವರಿಸುತ್ತ ತಾವೇ ಕುಗ್ಗಿಬಿಡುತ್ತಿದ್ದರು. ನನ್ನ ಪಾಲಿಗೆ ಹೇಳಿಕೊಳ್ಳಲಿಕ್ಕೆ ಒಂದು ಸಮಿತಿಯಿತ್ತು. ನಮ್ಮ ರಾಜ್ಯದ ಸಮಿತಿ ದೂರದ ರಾಜ್ಯಗಳನ್ನು ಅಭ್ಯಾಸ ಮಾಡುತ್ತಿದೆ ಎಂದು ನಾನು, ನಮ್ಮ ಹುಡುಗ ದಿಲ್ಲಿಯಲ್ಲಿ ಓದುತ್ತಿದ್ದಾನೆ ಎನ್ನುವ ಧಾಟಿಯಲ್ಲಿ ಹೇಳುತ್ತಿದ್ದೆ. ಪ್ರತಿಯೊಬ್ಬರಿಗೂ ಗಡಿಯಾಚೆಯದೇ ಸುಖವೆಂಬ ಗುಮಾನಿ. ಒಂದೇ ಕಪ್ಪುನೆಲ, ಒಂದೇ ತೊಗರಿ, ಮುಪ್ಪು ಮಾತ್ರ ಮೂರು ನಮೂನೆ.

ಒಮ್ಮೆ ಅಪ್ಪ ಭಜ್ಜಿ ಬಡಿಸುತ್ತ ಕೇಳಿದರು: "ಅಲ್ಲ, ಇವರು ಕಡಕೊಂಡ ರೊಕ್ಕ ಎಲ್ಲಿ ಇಡ್ತಾರ?"

"ಮಾರ್ಕೆಟ್‌ನಾಗ್ರಿ ಮಾಮಾ," ಎಂದ ಸಂಗಮೇಶ.

"ಯಾ ಮಾರ್ಕೆಟ್? ಹುಮನಾಬಾದ್ದೇನು? ಅಲ್ಲಿ ನನ್ನ ತೊಗರಿಗೇ ರೇಟ್ ಸಿಗವಲ್ದು, ನಿಮ್ಮ ಮುಪ್ಪಿಗಿ ಎಲ್ಲಿ ಸಿಗ್ತೈತಿ?"

ಅಪ್ಪನಿಗೆ ಸೇರು ಗೊತ್ತಿತ್ತು, ಷೇರು ಗೊತ್ತಿರಲಿಲ್ಲ; ಆ ಕಂಬಳಿಯ ಮೇಲಿದ್ದ ಮೂವರು ಪದವೀಧರರೂ ಭಜ್ಜಿಗೆ ಕೈಹಾಕಿದೆವು. ಅಪ್ಪ ಬಿಡಲಿಲ್ಲ. "ಹೋಗ್ಲಿ, ಹಳೇದ್ರಾಗ ಎಲ್ಲಿ ಇಡ್ತಿದ್ರು?"

"ಎಲ್ಲೂ ಇಡ್ತಿದ್ದಿಲ್ರಿ," ಎಂದರು ದತ್ತು ಭಾವ. "ಆ ವರ್ಷ ಬಂದ ತೆರಿಗಿಯಾಗ ಆ ವರ್ಷದ ಮುದುಕ್ರಿಗಿ ಕೊಡ್ತಿದ್ರು."

"ಅಂದ್ರ ನಾ ಅಂಗಡ್ಯಾಗ ಸಾಬಾಣ ಕೊಂಡಾಗ ಕೊಟ್ಟಿದ್ದು," ಎಂದು ಅಪ್ಪ ಲೆಕ್ಕ ಮುಗಿಸಿ, ನಮಗೆಲ್ಲ ಇನ್ನೊಂದೊಂದು ಕಡುಬು ಹಾಕಿದರು.

ಇದೆಲ್ಲ ತಮಾಷೆಯ ಭಾಗ. ತಮಾಷೆಯಲ್ಲದ ಭಾಗ ಮೆಹರುವಿನದು. ನನ್ನ ಅಸೂಯೆ ಮೊದಲಿಗೆ ಸಭ್ಯವಾಗಿಯೇ ಇತ್ತು. ಅದಕ್ಕೆ ಸೀರೆ ಉಡಿಸಿ ಹಾಸ್ಯವೆಂದು ಕರೆಯುತ್ತಿದ್ದೆ. ಅವಳ ತಂಗಿಯ ಮದುವೆಯ ದಿನ, ಬೀಗರ ಹೆಂಗಸರೆಲ್ಲ ಕೂತಿದ್ದಲ್ಲಿ, ಅವಳು ದಣಿದು ಬೆವರೊರೆಸಿಕೊಳ್ಳುತ್ತ ನನ್ನ ಪಕ್ಕ ಬಂದು ಕೂತಾಗ, "ನಿಂಗೇನವಾ, ಗ್ರಹಣ ಹಿಡಿದ್ರೂ ಸರ್ಕಾರದ ಕೂಳು ಕೂತು ಉಣ್ಣಾಕಿ" ಎಂದುಬಿಟ್ಟೆ. ಎಲ್ಲರೂ ನಕ್ಕರು. ಮೆಹರು ನಗಲಿಲ್ಲ. ಎದ್ದು ಒಳಗೆ ಹೋದವಳು ಮತ್ತೆ ನನ್ನ ಬಳಿ ಕೂರಲಿಲ್ಲ. ಅನಂತರ ಆರು ವರ್ಷ, ಯುಗಾದಿಗೆ ಅವಳಿಂದ, ಈದಿಗೆ ನನ್ನಿಂದ, ಫೋನಿನಲ್ಲಿ ಹೂವಿನ ಚಿತ್ರವಿರುವ ಶುಭಾಶಯಗಳು ಮಾತ್ರ. ಕ್ಷಮೆ ಕೇಳಲು ಒಳ್ಳೆಯ ದಿನ ನೋಡುತ್ತಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಅಪ್ಪನ ಮಗಳಲ್ಲವೇ ನಾನು.

ಹೀಗಿರುವಾಗ ಸರ್ಕಾರಕ್ಕೆ ದಯೆ ಬಂತು. ಬಾಗಿಲು ಮುಚ್ಚುವ ಮೊದಲೇ ನೇಮಕಾತಿಯ ಅಧಿಸೂಚನೆಯಾಗಿ, ಮುಚ್ಚಿದ ಮೇಲೆ ಕೆಲಸಕ್ಕೆ ಸೇರಿದವರು ಒಂದೇ ಒಂದು ಸಲ ಹಳೆಯ ಪಿಂಚಣಿಯನ್ನು ಆರಿಸಿಕೊಳ್ಳಬಹುದೆಂದು ಆದೇಶ ಹೊರಟಿತು. ಸ್ಟಾಫ್ ರೂಮಿನಲ್ಲಿ ನಾನು ಆ ಆದೇಶವನ್ನು ಹಳಗನ್ನಡ ಪದ್ಯದಂತೆ ಅನ್ವಯ, ತಾತ್ಪರ್ಯ ಸಹಿತ ಓದಿದೆ. ಬೇಕಾದದ್ದು ನೇಮಕಾತಿ ಆದೇಶ, ಏಕೆಂದರೆ ಅಧಿಸೂಚನೆಯ ಉಲ್ಲೇಖವಿದ್ದದ್ದು ಅದರಲ್ಲಿ. ನನ್ನ ಪ್ರತಿಯನ್ನು ಟ್ರಂಕಿನ ತಳದಲ್ಲಿ ಗೆದ್ದಲು ಸಾವಕಾಶವಾಗಿ ಅಧ್ಯಯನ ಮಾಡಿ ಮುಗಿಸಿತ್ತು. ಕಚೇರಿಯವರು ಕಡತ ಹುಡುಕಿಸುತ್ತೇವೆಂದು ತಿಂಗಳುಗಟ್ಟಲೆ ಭರವಸೆ ಕೊಟ್ಟು, ಗಡುವಿಗೆ ಮೂರು ದಿನ ಉಳಿದಾಗ ಕಡತವಿಲ್ಲವೆಂಬ ಸತ್ಯವನ್ನು ಕೊಟ್ಟರು. ಆ ಆದೇಶದ ಇನ್ನೊಂದು ಪ್ರತಿ ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಕಲ್ಯಾಣದ ಬಸ್ಸು ಹತ್ತಿದೆ. ಸಸ್ತಾಪುರ ಬಂಗ್ಲಾದವರೆಗೆ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ರಚಿಸಿ, ಅಲಂಕರಿಸಿ, ಕಿಲ್ಲೆಯ ಗೋಡೆ ಕಂಡೊಡನೆ ಎಲ್ಲವನ್ನೂ ಮರೆತೆ. ಬಾಗಿಲು ತೆರೆದವಳು ಮೆಹರುವೇ. ತಲೆಗೂದಲು ಬೆಳ್ಳಗಾಗಿತ್ತು. ನಾನು ಹೊಸ್ತಿಲಲ್ಲೇ ನಿಂತು, ಬೇಕಾದ ಕಾಗದದ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಅವಳು ಬಾಗಿಲನ್ನು ಪೂರ್ತಿ ತೆರೆದಳು. "ಆರು ವರ್ಷ ಆತು, ಸರೂ. ನೀ ನನ್ನ ಮನಿಗಿ ಬರ್ಬೇಕಂದ್ರ ಸರ್ಕಾರ ಆದೇಶ ಮಾಡ್ಬೇಕಾತೇನು?"

"ತಪ್ಪಾತು, ಮೆಹರು," ಎಂದೆ. "ಅವತ್ತು ಅನ್ನಬಾರದಿತ್ತು."

"ನಾ ಮನಿ ಮನಿ ತಿರುಗಿ ಮಕ್ಕಳನ್ನ ಸಾಲಿಗಿ ಕರ್ಕೊಂಡ ಬಂದಾಕಿ. ಕೂತು ಉಣ್ಣಾಕಿ ಅಂದಿ ನೋಡು, ಅದೊಂದು ಚುಚ್ಚಿತ್ತು. ಗ್ರಹಣದ ಮಾತಿಗಿ ನಂಗೂ ನಗು ಬಂದಿತ್ತು." ಹಾಗೆಂದು ಒಳಗೆ ಹೋಗಿ, ಪ್ಲಾಸ್ಟಿಕ್ ಹೊದಿಸಿಟ್ಟಿದ್ದ ಆದೇಶ ತಂದಳು. ಹನ್ನೊಂದನೆಯ ಹೆಸರು ಅವಳದು, ಹನ್ನೆರಡನೆಯದು ನನ್ನದು. ಚಹಾ ಕುಡಿಸದೆ ಬಿಡಲಿಲ್ಲ, ಚಹಾ ಮುಗಿದ ಮೇಲೂ ಬಿಡಲಿಲ್ಲ. ಕಾಗದ ಕಳಿಸಿ ತಾನು ಉಳಿಯುವುದು ಹೇಗೆಂದು ಬುರ್ಖಾ ಹಾಕಿಕೊಂಡು ನನ್ನ ಜೊತೆ ಹೊರಟೇಬಿಟ್ಟಳು.

ಕಚೇರಿಯ ಗುಮಾಸ್ತರು ಆದೇಶವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಪ್ಲಾಸ್ಟಿಕ್ ಮ್ಯಾಲ ಶಿಕ್ಕಾ ಹತ್ತಂಗಿಲ್ರಿ ಮೇಡಂ" ಎಂದರು.

"ಝೆರಾಕ್ಸ್ ಮ್ಯಾಲ ಹತ್ತತೈತಿಲ್ರಿ?" ಎಂದಳು ಮೆಹರು. "ಅಸಲು ನೋಡಿ ನಕಲಿಗಿ ಹೊಡೀರಿ. ನಾವು ಇಲ್ಲೇ ಕುಂದರ್ತೀವಿ."

ಮೊಹರು ಹತ್ತಿತು. ಕೆಲವು ತಿಂಗಳ ಬಳಿಕ ಆದೇಶವೂ ಬಂತು, ಬೆನ್ನೂ ನೆಟ್ಟಗಾಯಿತು. ಸ್ಟಾಫ್ ರೂಮಿನಲ್ಲಿ ಪೇಢಾ ಹಂಚಿದೆ. ನನಗಿಂತ ಒಂದೆರಡು ವರ್ಷ ತಡವಾಗಿ, ಯಾವ ಗ್ರಹಣದ ನೆಪವೂ ಇಲ್ಲದೆ ಸೇವೆಗೆ ಸೇರಿದ ಗಣಿತದ ಕವಿತಾ ಪೇಢಾ ತೆಗೆದುಕೊಂಡು, "ಛಲೋ ಆತ್ರಿ ಮೇಡಂ" ಎಂದಳು. ಪೇಢಾ ಮುರಿಯುತ್ತ, "ಮುಂದಿನ ವಾರ ನಮ್ಮ ಹೊಸ ಪಿಂಚಣಿಯವರ ಸಂಘದ ಧರಣಿ ಐತ್ರಿ. ನಿಮ್ಮ ಹೆಸರು ಪಟ್ಟಿಯಿಂದ ತೆಗೆದೀವಿ" ಎಂದಳು. ಆ ಸಂಘದ ಘೋಷಣೆಗಳಿಗೆಲ್ಲ ಪ್ರಾಸ ಹೊಂದಿಸಿಕೊಟ್ಟವಳು ನಾನು. ನನ್ನ ಪ್ರಾಸಗಳು ಸಂಘದಲ್ಲಿ ಉಳಿದುವು, ನಾನು ಹೊರಬಿದ್ದೆ. "ಹೆಸರು ಇರ್ಲಿ, ತಿರುಗಿ ಬರಿಯವಾ" ಎಂದೆ. ಔದಾರ್ಯದಿಂದಲೋ ನಾಚಿಕೆಯಿಂದಲೋ ಈಗಲೂ ಖಚಿತವಿಲ್ಲ.

ಧರಣಿಯ ದಿನ ತಹಶೀಲ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತೆ. ಯಾವ ಲಾಭವೂ ಇಲ್ಲದ ಮೆಹರು ಕಲ್ಯಾಣದಿಂದ ಕೊಡೆ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಗೇಟಿನ ಬಳಿ ಪೇರಲಹಣ್ಣು ಮಾರುವ ಮುದುಕಿಯೊಬ್ಬಳು ನಮ್ಮ ಘೋಷಣೆಗಳನ್ನು ಬಹಳ ಹೊತ್ತು ಆಲಿಸಿ, ಕೊನೆಗೆ ಬುಟ್ಟಿ ಸರಿಸಿಕೊಂಡು ನನ್ನ ಹತ್ತಿರ ಬಂದಳು.

"ಅಕ್ಕೋರೆ, ನೀವು ಪಗಾರದ ಸಲುವಾಗಿ ಕೂತೀರೇನ್ರಿ? ನನ್ನ ಪಗಾರನೂ ಮೂರು ತಿಂಗಳಾತು, ಬಂದಿಲ್ಲ. ನಿಮ್ಮ ಅರ್ಜ್ಯಾಗ ನಂದೂ ಒಂದು ಹೆಸರು ಬರೀರಿ."

ನಮ್ಮ ಕಡೆ ವೃದ್ಧಾಪ್ಯ ವೇತನವನ್ನು ಮುದುಕರು ಪಗಾರವೆಂದೇ ಕರೆಯುತ್ತಾರೆ. ಮೂರು ರಾಜ್ಯಗಳ ಯೋಜನೆಗಳನ್ನು ಕರತಲಾಮಲಕ ಮಾಡಿಕೊಂಡಿದ್ದ ನನಗೆ, ಅವಳಿಗೆ ತಿಂಗಳಿಗೆ ಎಷ್ಟು ಬರುತ್ತದೆಂಬುದು ಗೊತ್ತಿರಲಿಲ್ಲ. ನಮ್ಮ ಮನವಿಯಲ್ಲಿ ಅವಳ ಹೆಸರಿಗೆ ಎಡೆಯಿಲ್ಲವೆಂದು ವಿವರಿಸುವ ಬದಲು ಬೇರೊಂದು ಹಾಳೆ ತೆಗೆದು ಅವಳಿಗೊಂದು ಅರ್ಜಿ ಬರೆಯತೊಡಗಿದೆ. ಮೆಹರು ಕೊಡೆಯನ್ನು ಹಾಳೆಯ ಮೇಲೆ ವಾಲಿಸಿದಳು. ಹೆಸರು ಕೇಳಿದೆ, ಊರು ಕೇಳಿದೆ, ಕೊಡಂಬಲವೆಂದಳು. ಹದಿನೆಂಟು ವರ್ಷದ ಅಭ್ಯಾಸ, ಮುಂದಿನ ಪ್ರಶ್ನೆ ತಾನಾಗಿ ಬಾಯಿಗೆ ಬಂತು.

"ಕೆಲ್ಸಕ್ಕ ಯಾವಾಗ ಸೇರಿದಿ, ಅವ್ವಾ?"

"ನಡಿಯಾಕ ಬಂದಾಗಿಂದ್ರಿ," ಎಂದಳು ಅವಳು, ಹಾಳೆ ಹಾರದಂತೆ ಅದರ ತುದಿಗೆ ಒಂದು ಪೇರಲ ಇಡುತ್ತ.