ಅವಸರಕ್ಕೆ ಬಗ್ಗದ ಅಕ್ಷರದಕ್ಕ

ಜಾಹೀರಾತು ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಅಕ್ಷರದಕ್ಕ ಎಂದೇ ಕರೆಯುವುದು. ಪರದೆಯ ಮೇಲಿನ ಬರಹಕ್ಕೆ ಬಣ್ಣ ತುಂಬಿ, ಒಂದು ಸಾಲನ್ನು ಅಳಿಸಿ ಇನ್ನೊಂದನ್ನು ತರುವುದು ಅವಳ ಕೆಲಸ. ಬಿಳಿ ಅಕ್ಷರಗಳು ಒಂದೊಂದಾಗಿ ಹಳದಿಗೆ ತಿರುಗಬೇಕು, ಕೊನೆಯದು ತಿರುಗುವ ತನಕ ಸಾಲು ಕದಲಕೂಡದು ಎಂಬುದು ಅವಳ ಕಾನೂನು. ಬಣ್ಣ ಬದಲಾಗುವ ಕ್ಷಣಕ್ಕೆ ಅವಳು ಹಾಕಿಟ್ಟ ಕೀಫ್ರೇಮ್ ಎಂಬ ಗುರುತನ್ನು ಯಾರಾದರೂ ಕೂದಲೆಳೆಯಷ್ಟು ಸರಿಸಿದರೂ ಮುಗಿಯಿತು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಅಕ್ಷರ ಹಾರ್ಬೇಕಾ? ಗಾಳಿಪಟ ಮಾಡೋರ ಹತ್ರ ಹೋಗಿ," ಎಂದು ಗಿರಾಕಿಗಳ ಮುಖಕ್ಕೇ ಹೇಳುತ್ತಾಳೆ. "ಇಷ್ಟು ನಿಧಾನ ಆದ್ರೆ ಜನ ನಿದ್ದೆ ಹೋಗ್ತಾರಮ್ಮ," ಎಂದು ಯಜಮಾನರು ಗೋಗರೆದರೆ, "ಹೋಗ್ಲಿ ಸಾರ್, ಎದ್ದ ಮೇಲೂ ಸಾಲು ಅಲ್ಲೇ ಇರುತ್ತೆ," ಎನ್ನುತ್ತಾಳೆ. ಕೆಲಸದಿಂದ ತೆಗೆಯುತ್ತೇನೆಂದರೆ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಲ್ಲುತ್ತಾಳೆ. ಮತ್ತೆ ಕರೆಯುವವರೆಗೂ ಒಳಗೆ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಮನೆಯಲ್ಲಿ ಟಿವಿಗೆ ಮೂಗು ತಾಗಿಸಿ ಕೂರುವ ಅವಳ ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ; ಮಗಳ ಜಾಹೀರಾತು ಬಂದಾಗಲೆಲ್ಲ ಹಳದಿಯ ಹಿಂದೆಯೇ ಬೆರಳಾಡಿಸುತ್ತ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದಾಳೆ. ಮೊನ್ನೆ ಸಂಜೆ ಆ ಬೆರಳು ಮೊದಲೇ ಸಾಲಿನ ತುದಿ ಮುಟ್ಟಿ, ಹಳದಿಗಾಗಿ ಕಾಯುತ್ತ ನಿಂತಿತು. "ಏನೇ ಇದು, ಆಮೆ ನಡಿಗೆ? ನಾನಾಗ್ಲೇ ಓದಿ ಮುಗಿಸ್ದೆ!" ಎಂದು ಅಮ್ಮ ಗದರಿದಳು. ಮರುದಿನ ಅಕ್ಷರದಕ್ಕ ತಾನಾಗಿಯೇ ಹಳದಿಯ ವೇಗವನ್ನು ಹೆಚ್ಚಿಸಿದಳು, ಕೂದಲೆಳೆಯಷ್ಟೇ. ಯಜಮಾನರ ಮುಖ ಅರಳಿದ್ದು ಕಂಡು, ಪರದೆಯಿಂದ ಕಣ್ಣು ಕೀಳದೆ ಹೇಳಿದಳು: "ನೀವು ಹೇಳಿದ್ದಕ್ಕಲ್ಲ ಸಾರ್, ನಮ್ಮಮ್ಮ ಬೈದಿದ್ದಕ್ಕೆ."