ತೆರೆಯ ಹಿಂದಿನ ರಕ್ಕಸ

ಕುಣಿಗಲ್ಲಿನಲ್ಲಿ ನಾವು ತುಮಕೂರು ಬಸ್ ಹತ್ತಿದಾಗ ಇನ್ನೂ ಬಿಸಿಲಿತ್ತು. ಜೊತೆಗಿದ್ದವನು ನನ್ನ ಪಕ್ಕದ ಅಂಗಡಿಯ ಟೈಲರ್ ರಹಮತ್. ಬಯಲಾಟದ ರಾಜ ರಾಣಿಯರಿಗೆ ವರ್ಷಗಟ್ಟಲೆ ಅಂಗಿ ಹೊಲಿದವನು, ಒಂದು ಆಟವನ್ನೂ ನೋಡಿದವನಲ್ಲ. ಬೆಳಿಗ್ಗೆ ಅಂಗಡಿ ತೆರೆಯಬೇಕಾದವನು ರಾತ್ರಿಯೆಲ್ಲ ಆಟ ನೋಡುವುದು ಹೇಗೆ? ಈ ಸಲ ತುಮಕೂರಿನಲ್ಲಿ ಇಡೀ ರಾತ್ರಿಯ ಕಲೋತ್ಸವ. ಅಲ್ಲಿಗೆ ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆಯಿಂದ ಒಂದು ಬಯಲಾಟದ ತಂಡ ಬರುವುದಿತ್ತು. ಅದರ ರಕ್ಕಸನಿಗೆ ರಹಮತ್ ಹೊಸ ಅಂಗಿ ಹೊಲಿದಿದ್ದ. ರಕ್ಕಸನ ಅಂಗಿ ಅವನಿಗೆ ಇದೇ ಮೊದಲು. ಅದನ್ನು ದೀಪದ ಬೆಳಕಲ್ಲಿ ಎದುರಿನಿಂದ ಒಮ್ಮೆ ನೋಡಬೇಕು, ಅಷ್ಟೇ ಅವನ ಆಸೆ.

ಬಸ್ಸಿನ ತುಂಬ ಉಚಿತ ಟಿಕೆಟ್ಟಿನ ಹೆಂಗಸರು. ಹೆಬ್ಬೂರು ದಾಟುವವರೆಗೂ ನಿಂತೇ ಇದ್ದೆವು. "ದುಡ್ ಕೊಟ್ಟೋರೇ ನಿಂತ್ಕೊಂಡ್ ಹೋಗ್ಬೇಕು ನೋಡಣ್ಣ" ಎಂದು ರಹಮತ್ ನಕ್ಕ.

ಕೋರ್ಟು ಕಚೇರಿ ಕೆಲಸಕ್ಕೆ ಬಂದು ಬೈದುಕೊಂಡೇ ಹಿಂತಿರುಗುತ್ತಿದ್ದ ಊರಿನಲ್ಲಿ ಅಂದು ನಾನು ಬಾಯಿ ಬಿಟ್ಟುಕೊಂಡು ತಿರುಗಿದೆ. ಒಂದು ಬೀದಿಯಲ್ಲಿ ತಮಟೆ, ಇನ್ನೊಂದರಲ್ಲಿ ವೀಣೆ. ಏಣಿ ಹತ್ತಿ ಗೋಡೆಯ ಉದ್ದಕ್ಕೂ ಚಿತ್ರ ಬರೆಯುತ್ತಿದ್ದ ಹುಡುಗಿಯರನ್ನು ನೋಡುತ್ತಾ ಚಳಿಯೇ ಮರೆತುಹೋಯಿತು. ರಹಮತ್ ಮಾತ್ರ ಯಾವ ಕಲಾವಿದ ಎದುರಾದರೂ ಬಟ್ಟೆಯ ಹೊಲಿಗೆಯನ್ನೇ ನೋಡುತ್ತಿದ್ದ. ಬಿಸಿ ತಟ್ಟೆ ಇಡ್ಲಿ ತಿಂದು, ಬಯಲಾಟದ ರಂಗದ ಮುಂದೆ ಮೊದಲ ಸಾಲಿನಲ್ಲೇ ಕೂತೆವು.

ಮದ್ದಳೆ ಶುರುವಾಗಿತ್ತು. ವೇಷ ಕಟ್ಟುವ ಚೌಕಿಯಿಂದ ಒಬ್ಬ ಓಡಿ ಬಂದ. "ರಹಮತಣ್ಣ, ರಕ್ಕಸನ ಅಂಗಿ ಹೊಲ್ಗೆ ಬೆನ್ ಮೇಲೆ ಬಿಟ್ಕೊಂಬುಡ್ತು, ಬೇಗ ಬಾ."

ರಕ್ಕಸ ದೊಡ್ಡದಾಗಿ ಕಾಣಲೆಂದು ಎದೆಗೂ ಸೊಂಟಕ್ಕೂ ಹಳೆಯ ಸೀರೆಗಳನ್ನು ಸುತ್ತಿಕೊಳ್ಳುತ್ತಾನೆಂದು ಓಡಿ ಬಂದವನೇ ಹೇಳಿದ. ರಹಮತ್ ಅಳತೆ ತೆಗೆದದ್ದು ಅಂಗಡಿಯಲ್ಲಿ, ಷರ್ಟಿನ ಮೇಲೆ. "ಸೀರೆ ಸುತ್ಕೋತಾರೆ ಅಂತ ಯಾರೂ ಹೇಳ್ಲೇ ಇಲ್ವಲ್ಲಣ್ಣ" ಎಂದವನೇ ಕಾಲರಿಗೆ ಸಿಕ್ಕಿಸಿದ್ದ ಸೂಜಿ ಕಿತ್ತುಕೊಂಡು ಓಡಿದ.

ರಕ್ಕಸ ಒಮ್ಮೆಲೇ ಕಾಣಿಸಿಕೊಳ್ಳುವ ಪದ್ಧತಿಯಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಅಬ್ಬರಿಸಬೇಕು, ಮೊದಲು ಕಿರೀಟದ ತುದಿಯಷ್ಟೇ ಕಾಣಬೇಕು. ಅಂದು ತೆರೆ ಎಷ್ಟು ಹೊತ್ತಾದರೂ ಇಳಿಯಲೇ ಇಲ್ಲ. ಭಾಗವತರು ಅದೇ ಪದವನ್ನು ಮತ್ತೆ ಮತ್ತೆ ಎತ್ತಿ ಹಾಡಿದರು. ಬಟ್ಟೆ ನಡುಗುತ್ತಿತ್ತು, ಕಿರೀಟ ಏಳುತ್ತಿತ್ತು, ಮುಳುಗುತ್ತಿತ್ತು. ಅಳುತ್ತಿದ್ದ ಮಗುವೊಂದು ಸುಮ್ಮನಾಯಿತು. "ಇಂಥಾ ಪ್ರವೇಶ ನೋಡಿ ಎಷ್ಟ್ ಕಾಲ ಆಗಿತ್ತು" ಎಂದರು ಪಕ್ಕದ ಅಜ್ಜ. ತೆರೆಯ ಹಿಂದೆ ರಹಮತನ ಸೂಜಿ ಓಡುತ್ತಿದೆಯೆಂದು ತಿಳಿದಿದ್ದ ನನಗೂ ಆ ಅಬ್ಬರಕ್ಕೆ ಮೈ ಜುಮ್ಮೆಂದಿತು. ಕಡೆಗೆ ತೆರೆ ಇಳಿಯಿತು. ರಕ್ಕಸ ಹಾರಿದ, ಗಿರಗಿರನೆ ತಿರುಗಿದ. ಅಂಗಿಯ ಹೊಲಿಗೆ ಬಿಡಲಿಲ್ಲ.

ರಹಮತ್ ಮತ್ತೆ ಈಚೆ ಬರಲಿಲ್ಲ. ಹೊಲಿಗೆ ಇನ್ನೊಮ್ಮೆ ಬಿಟ್ಟೀತೆಂಬ ಭಯಕ್ಕೆ ಬೆಳಗಿನ ಮಂಗಳದವರೆಗೂ ಸೂಜಿ ಹಿಡಿದು ಚೌಕಿಯಲ್ಲೇ ಕೂತಿದ್ದ.

ಹಿಂತಿರುಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. "ಎದುರಿಂದ ನೋಡಕ್ಕೇ ಆಗ್ಲಿಲ್ವಲ್ಲ ಭಾಯ್" ಎಂದೆ. ನನಗೆ ನಿಜವಾಗಿ ಸಂಕಟವಾಗಿತ್ತು.

ಅವನು ಸೂಜಿಯನ್ನು ಮತ್ತೆ ಕಾಲರಿಗೆ ಸಿಕ್ಕಿಸಿಕೊಂಡ.

"ತೆರೆ ಹಿಂದೆ ಅವ್ನು ಗಡಗಡ ನಡುಗ್ತಿದ್ದ ಕಣಣ್ಣ. ಬೆನ್ನೆಲ್ಲಾ ಬೆವ್ರು. ಕೊನೇ ದಾರ ಹಲ್ಲಲ್ಲಿ ಕಡಿದೆ ನೋಡು, ಒಂದ್ ಉಸಿರು ಎಳ್ಕೊಂಡ. ನನ್ ಕೈ ಕೆಳ್ಗೇ ರಕ್ಕಸ ಆಗ್ಬುಟ್ಟ."