ಗೀರು ಕಾಣುವಂತೆ ಇಟ್ಟ ಹರಳು

ಕಲ್ಲಿನ ವಿದ್ಯೆಯೆಂದರೆ ಮಾರುದೂರ ಸರಿಯುತ್ತಿದ್ದ ಈ ಭಾಗದ ಮಕ್ಕಳನ್ನು ಕೈಹಿಡಿದು ಖನಿಜಗಳ ಲೋಕಕ್ಕೆ ಕರೆದೊಯ್ದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಪ್ರೊ. ತಹಸೀನ್ ಸುಲ್ತಾನಾ ಅವರದು. ಬಸವಕಲ್ಯಾಣದಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಭೂವಿಜ್ಞಾನ ಓದಿ, ಹುಮನಾಬಾದಿನ ನಮ್ಮ ಪದವಿ ಕಾಲೇಜಿಗೆ ಬಂದ ಅವರು ಸೇವೆಯುದ್ದಕ್ಕೂ ಊರಿನಿಂದಲೇ ಬಸ್ಸಿನಲ್ಲಿ ಓಡಾಡಿದರು. ಅವರ ಕೈಚೀಲ ಎತ್ತಿಕೊಡಲು ಹೋದ ಕಂಡಕ್ಟರು, "ಏನ್ರಿ ಮೇಡಂ, ಕಲ್ಲು ತುಂಬೀರೇನು?" ಎಂದು ಚೇಷ್ಟೆ ಮಾಡುವುದಿತ್ತು. ಅವರು ತುಂಬಿರುತ್ತಿದ್ದುದು ಕಲ್ಲನ್ನೇ.

ಅವರು ಬಂದಾಗ ವಿಭಾಗದ ಖನಿಜಗಳು ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ತಹಸೀನ್ ಮೇಡಂ ಮೊದಲ ದಿನವೇ ಬೀಗ ತೆಗೆಸಿ, ಮರುದಿನ ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಖನಿಜ ತರಬೇಕೆಂದು ಹೇಳಿದರು. ಮಕ್ಕಳು ಕಕ್ಕಾಬಿಕ್ಕಿಯಾದರು. ಆದರೂ ಒಬ್ಬಳು ಕಲ್ಲುಪ್ಪು ತಂದಳು, ಒಬ್ಬ ಅಪ್ಪನ ಕ್ಷೌರದ ಪೆಟ್ಟಿಗೆಯ ಪಟಕ ತಂದ, ಮತ್ತೊಬ್ಬಳು ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರಿನ ಡಬ್ಬಿಯನ್ನೇ ತಂದಳು. ಉಪ್ಪು ಒಡೆದರೆ ಪುಟ್ಟ ಪುಟ್ಟ ಘನಗಳಾಗುವುದನ್ನು, ಪೆನ್ಸಿಲಿನ ಕಡ್ಡಿಯ ಗ್ರಾಫೈಟ್ ಪದರಪದರವಾಗಿ ಜಾರುವುದರಿಂದಲೇ ಕಾಗದದ ಮೇಲೆ ಬರೆಯುವುದನ್ನು, ಒಂದು ಹನಿ ಆಮ್ಲಕ್ಕೆ ನೆಲಕ್ಕೆ ಹಾಸುವ ಶಹಾಬಾದಿ ಫರಸಿ ನೊರೆಯುಕ್ಕಿಸಿ ತಾನು ಕಾರ್ಬೊನೇಟ್ ಕುಲದವನೆಂದು ಒಪ್ಪಿಕೊಳ್ಳುವುದನ್ನು ಆ ಮಕ್ಕಳು ಕಣ್ಣಾರೆ ಕಂಡರು. ಕಪ್ಪಗೆ ಹೊಳೆಯುವ ಕಬ್ಬಿಣದ ಅದಿರನ್ನು ಒಡೆದ ಚಹಾ ಕಪ್ಪಿನ ಒರಟು ತಳಕ್ಕೆ ತಿಕ್ಕಿದಾಗ ಗೆರೆ ಕೆಂಪಗೆ ಮೂಡಿತು. "ಮಾರಿ ನೋಡಿ ಬಿರಾದರಿ ಹೇಳಬ್ಯಾಡ್ರಿ" ಎಂದು ಮೇಡಂ ನಕ್ಕರು. ಮುಖ ನೋಡಿ ಕುಲ ಹೇಳಬೇಡಿ ಎಂದು ಖನಿಜಗಳ ವರ್ಗೀಕರಣದ ಪಾಠವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾವು ಬೇರೆ ಕಂಡಿಲ್ಲ.

ಅವರ ಸೇವೆಯ ನಡುಗಾಲದಲ್ಲಿ ನಿರ್ಣಾದ ಬಾವಿಯ ಪ್ರಸಂಗ ನಡೆಯಿತು. ಆ ಊರಿನ ದೇವಿಂದ್ರಪ್ಪನವರು ಹೊಲದಲ್ಲಿ ಬಾವಿ ತೋಡಿಸುವಾಗ ಕರಿಬಂಡೆಯ ಪೊಳ್ಳೊಂದು ಒಡೆದು, ಒಳಗೆ ಹರಳುಗಳು ಫಳಫಳ ಹೊಳೆದವು. ಅವರ ಮಗಳು ರತ್ನಮಾಲಾ ಆಗ ಮೇಡಂ ಅವರ ವಿದ್ಯಾರ್ಥಿನಿ. ವಜ್ರ ಗಾಜನ್ನು ಗೀರುತ್ತದೆಂಬ ಪಾಠ ಹಸಿಹಸಿಯಾಗಿ ತಲೆಯಲ್ಲಿತ್ತು. ಒಂದು ಹರಳನ್ನು ಕಿಟಕಿಯ ಗಾಜಿಗೆ ಎಳೆದಳು, ಗಾಜಿಗೆ ಗೀರು ಬಿತ್ತು, "ಅಪ್ಪಾ, ಹೀರಾ!" ಎಂದು ಕೂಗಿಯೇಬಿಟ್ಟಳು. ಸಂಜೆಯೊಳಗೆ ಊರಿಗೆ ಊರೇ ಬಾವಿಯ ದಡದಲ್ಲಿತ್ತು. ತೋಡುವ ಕೆಲಸ ನಿಂತು ಕಾವಲು ಶುರುವಾಯಿತು.

ಮರುದಿನ ಅವಳು ಕರವಸ್ತ್ರದಲ್ಲಿ ಕಟ್ಟಿ ತಂದ ಹರಳಿನ ಆರು ಮುಖಗಳನ್ನು ನೋಡುತ್ತಲೇ ಮೇಡಂ ಅವರಿಗೆ ಅದು ಸ್ಫಟಿಕವೆಂದು ತಿಳಿಯಿತು. ಸ್ಫಟಿಕವೂ ಗಾಜನ್ನು ಗೀರುತ್ತದೆ ಎಂದು ಹೇಳಿದಾಗ ಹುಡುಗಿ ಅತ್ತುಬಿಟ್ಟಳು. "ಈಗ ಸುಳ್ಳಂದ್ರ ಊರಾಗ ಮಾರಿ ತೋರಸೂದು ಹ್ಯಾಂಗ್ರಿ ಮೇಡಂ? ಅಪ್ಪ ಕಾಲೇಜ ಬಿಡಸ್ತಾನ್ರಿ." ಆ ಮಾತು ಮೇಡಂ ಅವರ ಕರುಳಿಗೇ ತಾಕಿತು. ಒಳ್ಳೆಯ ವಿದ್ಯಾರ್ಥಿನಿಯೊಬ್ಬಳು ಅರ್ಧ ಪಾಠಕ್ಕಾಗಿ ಪೂರ್ತಿ ಓದನ್ನೇ ಕಳೆದುಕೊಳ್ಳುವುದು ಅವರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ.

ಭಾನುವಾರ ಅವರೇ ನಿರ್ಣಾಕ್ಕೆ ಹೋದರು. ಚೀಲದಿಂದ ಚಾಕು ಮಸೆಯುವ ಸಾಣೆಕಲ್ಲು ತೆಗೆದು, ಅದು ಸ್ಫಟಿಕವನ್ನು ಗೀರಬಲ್ಲದು, ವಜ್ರವನ್ನು ಗೀರಲಾರದು ಎಂದು ನೆರೆದವರಿಗೆಲ್ಲ ವಿವರಿಸಿದರು. ಆದರೆ ಪರೀಕ್ಷೆಯನ್ನು ತಾವು ಮಾಡಲಿಲ್ಲ. "ಹೇಳಿದಾಕಿ ನೀನು. ನೀನ ತಿಕ್ಕಿ ನೋಡು, ಬೇಟಿ" ಎಂದು ಕಲ್ಲನ್ನು ರತ್ನಮಾಲಾಳ ಕೈಗಿತ್ತರು.

ಅವಳು ತಿಕ್ಕಿದಳು. ಹರಳಿನ ಮೈಮೇಲೆ ಬೆಳ್ಳನೆಯ ಗೀರು ಬಿತ್ತು. "ಹೀರಾ ಅಲ್ಲಪ್ಪಾ. ನಂದ ತಪ್ಪಾತು" ಎಂದಳು.

ಯಾರೋ ಕಿಸಕ್ಕೆಂದರು. ದೇವಿಂದ್ರಪ್ಪನವರ ಮುಖ ಕೆಂಪೇರಿತು. "ಓದಿದ್ದು ಸಾಕಿನ್ನ. ನಾಳಿಂದ ಹೊಲಕ್ಕ ಬಾ."

"ದೇವಿಂದ್ರಪ್ಪಣ್ಣಾರ," ಎಂದರು ಮೇಡಂ, "ಊರೆಲ್ಲಾ ಹೀರಾ ಅನ್ನಾಕತ್ತಾಗ, ತನ್ನ ಕೈಲೆ ತಾನ ತಿಕ್ಕಿ ಅಲ್ಲಂತ ಹೇಳೂ ಮಗಳು ಎಷ್ಟ ಮಂದಿಗಿ ಅದಾಳ್ರಿ? ಈಕಿನ್ನ ಕಾಲೇಜಿಗಿ ಕಳಸ್ರಿ. ಅರ್ಧಾ ಪಾಠ ಬಾಕಿ ಅದ."

ದೇವಿಂದ್ರಪ್ಪನವರು ಬಾವಿಯ ಕಡೆ ಕೈ ತೋರಿಸಿದರು. "ಹೀರಾ ಹೋಗ್ಲಿ, ನೀರರ ಅದನೋ ಇಲ್ಲೋ ಹೇಳ್ರಿ ಬಾಯಾರ."

"ಅದಕ್ಕ ತೋಡಬೇಕ್ರಿ!"

ಊರು ಮತ್ತೆ ನಕ್ಕಿತು, ಈ ಸಲ ದೇವಿಂದ್ರಪ್ಪನವರೂ ಸೇರಿ ನಕ್ಕರು. ಮರುದಿನ ರತ್ನಮಾಲಾ ಬುತ್ತಿ ಹಿಡಿದುಕೊಂಡು ತರಗತಿಗೆ ಬಂದಳು.

ನಮ್ಮ ವಿಭಾಗದ ಕಟ್ಟಳೆ ಹುಟ್ಟಿದ್ದು ಆ ವಾರವೇ. ಮೂರು 'ಗವಾ', ಅಂದರೆ ಮೂರು ಸಾಕ್ಷಿ, ಸಿಗುವ ತನಕ ಯಾರೂ ಕಲ್ಲಿನ ಹೆಸರೆತ್ತುವಂತಿಲ್ಲ. ಗಡಸುತನ, ತಿಕ್ಕಿದ ಗೆರೆಯ ಬಣ್ಣ, ಒಡೆಯುವ ರೀತಿ, ತೂಕ, ಆಮ್ಲದ ಪರೀಕ್ಷೆ ಇವೆಲ್ಲ ನಂಬಿಕಸ್ಥ ಸಾಕ್ಷಿಗಳು. ಮೈಬಣ್ಣವನ್ನು ಮಾತ್ರ ಎಲ್ಲರಿಗಿಂತ ಕೊನೆಗೆ ಕರೆಯಬೇಕು. ಹರಳು ಕಪಾಟು ಸೇರಿತು. 'ಸ್ಫಟಿಕ, ನಿರ್ಣಾ. ಪರೀಕ್ಷಿಸಿದವರು: ರತ್ನಮಾಲಾ' ಎಂಬ ಚೀಟಿ ಬರೆದು, ಗೀರು ಬಿದ್ದ ಮಗ್ಗುಲನ್ನೇ ಮುಂದೆ ಮಾಡಿ ಇಟ್ಟವರು ಮೇಡಂ.

ಮುಂದೆ ರತ್ನಮಾಲಾ ಅದೇ ವಿಭಾಗಕ್ಕೆ ಉಪನ್ಯಾಸಕಿಯಾಗಿ ಬಂದರು. ಜಾಣೆ, ಧೈರ್ಯವಂತೆ. ಆದರೆ ಕಪಾಟು ತೆರೆದಾಗೊಮ್ಮೆ ಅವರ ಕೈ ತಾನಾಗಿಯೇ ಗೀರನ್ನು ಗೋಡೆಯ ಕಡೆ ತಿರುಗಿಸುತ್ತಿತ್ತು. ಮರುದಿನ ಮೇಡಂ ಅದನ್ನು ಮುಂದಕ್ಕೆ ತಿರುಗಿಸುವರು. ವರ್ಷಗಟ್ಟಲೆ ನಡೆದ ಈ ಜಟಾಪಟಿಯಲ್ಲಿ ಇಬ್ಬರೂ ಒಂದು ಮಾತೂ ಆಡಿದವರಲ್ಲ. ನಿವೃತ್ತಿಯ ದಿನ ಕೀಲಿಕೈ ಒಪ್ಪಿಸುವಾಗ ಮೇಡಂ ಅವರಿಗೆ ಇದ್ದ ಕಳವಳ ಅದೊಂದೇ. ಹರಳನ್ನು ಮತ್ತೆ ತಿರುಗಿಸಿಡಲು ನಾಳೆಯಿಂದ ತಾವಿರುವುದಿಲ್ಲ, ಈ ಮಗಳ ನಾಚಿಕೆ ಹಾಗೆಯೇ ಉಳಿದುಬಿಡುತ್ತದೆ ಎಂದು ಅವರಿಗೆ ನಿಜಕ್ಕೂ ನೋವಾಗಿತ್ತು.

ಕಳೆದ ತಿಂಗಳು, ಮರೆತುಹೋದ ಕನ್ನಡಕ ಒಯ್ಯಲು ಅವರು ವಿಭಾಗಕ್ಕೆ ಬಂದರು. ಒಳಗೆ ಹೊಸ ಮಕ್ಕಳು ಕಪಾಟನ್ನು ಸುತ್ತುವರಿದಿದ್ದರು. ಹರಳಿನ ಗೀರು ಹೊರಗೇ ಇತ್ತು. "ಈ ಗೀರು ನಾ ಮಾಡಿದ್ದು," ಎನ್ನುತ್ತಿದ್ದರು ರತ್ನಮಾಲಾ, "ಮೊದಲು ಹೀರಾ ಅಂದಾಕಿನೂ ನಾನ."

ಮೇಡಂ ಬಾಗಿಲಲ್ಲೇ ನಿಂತು ಕೇಳಿದರು, ಕಣ್ಣೊರೆಸಿಕೊಂಡರು, ಬಂದ ಕೆಲಸ ಮರೆತು ಬಸ್ಸು ಹತ್ತಿದರು.

ಆ ಕನ್ನಡಕ ಇನ್ನೂ ನಮ್ಮ ಮೇಜಿನ ಮೇಲಿದೆ. ಅದನ್ನು ಒಯ್ಯುವ ನೆಪದಿಂದಲಾದರೂ ಅವರು ನೂರು ಸಲ ಬರಲಿ, ಪ್ರತಿ ಸಲವೂ ಮರೆತೇ ಹೋಗಲಿ. ಆಯುಷ್ಯ ಗಟ್ಟಿಯಾಗಿರಲಿ, ಕೈಚೀಲ ಎಂದಿನಂತೆ ಭಾರವಾಗಿರಲಿ.